ಗವರ್ನರ್ ತೊಳೆದ ವರ್ಷ

ಹೋದ ತಿಂಗಳು ಮೊಮ್ಮಗಳು ಶಿಲ್ಪಾ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬನವಾಸಿಯಿಂದ ಶಿರಸಿಗೆ ಹೊರಟಿದ್ದಳು. ಅರ್ಧ ದಾರಿಯಲ್ಲಿ, ಕರೆಂಟು ಹೋಗಿತ್ತೋ ಏನೋ, ಯಾರೋ ಹೊಲದ ಬದುವಿನ ಮೇಲೆ ಹಳೆಯ ಎಂಜಿನ್ನೊಂದನ್ನು ಹಚ್ಚಿ ನೀರೆತ್ತುತ್ತಿದ್ದರು. ಕಿಟಕಿಯೊಳಗೆ ಸುಟ್ಟ ಕ್ರೂಡಾಯಿಲ್ಲಿನ ವಾಸನೆ ನುಗ್ಗಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, "ನಿಲ್ಲಸು, ನಿಲ್ಲಸು" ಎಂದು ಕೂಗಿದೆ.

"ಯಾಕಜ್ಜಿ, ವಾಂತಿ ಬರಾಕತ್ತೈತೇನು?"

"ವಾಂತಿ ಅಲ್ಲವಾ. ಆ ಎಂಜಿನ್ ಸಪ್ಪಳ ಕೇಳು. ಓಡತೈತಿ, ಕುಸೀತೈತಿ. ಮತ್ತ ಓಡತೈತಿ, ಮತ್ತ ಕುಸೀತೈತಿ. ಹಂಟಿಂಗ್ ಹಿಡದೈತಿ ಅದಕ್ಕ."

ಹುಡುಗಿ ಕಾರನ್ನು ಬದಿಗೆ ಹಾಕಿ ನನ್ನ ಮುಖವನ್ನೇ ನೋಡುತ್ತ ಕುಳಿತಳು. "ಅಜ್ಜಿ, ಆ ಶಬ್ದ ನಿನಗ ಯಾರು ಕಲಿಸಿದ್ರು? ನಾ ಧಾರವಾಡದಾಗ ಇಷ್ಟು ವರ್ಷದಿಂದ ಓದಾಕತ್ತಿದ್ದು ಅದನ್ನ!"

ಇವಳು ಡಾಕ್ಟರೇಟಿಗೆ ಓದುತ್ತಾಳೆ. ಏನು ಓದುತ್ತೀ ಎಂದು ಮನೆಯಲ್ಲಿ ಯಾರು ಕೇಳಿದರೂ 'ಗಣಿತ' ಎಂದು ಒಂದೇ ಮಾತು ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಬಿಡಿಸಿ ಹೇಳಿದರೆ ನಮಗೆ ತಿಳಿಯಲಿಕ್ಕಿಲ್ಲವೆಂದು ಅವಳಿಗೆ ಸಂಕೋಚ, ಕೇಳಿದರೆ ದಡ್ಡರೆನಿಸಿಕೊಳ್ಳುತ್ತೇವೆಂದು ನಮಗೆ ಸಂಕೋಚ. ಅಂದು ಆ ಹೊಲದ ಬದಿಯಲ್ಲಿ ಎರಡೂ ಸಂಕೋಚ ಒಟ್ಟಿಗೇ ಬಿಟ್ಟುಹೋದವು. ನಾನು ಕಲಿತದ್ದು ಮೂರನೇ ಇಯತ್ತೆ. ಅವಳು ಕಲಿತದ್ದಕ್ಕೆ ಎಷ್ಟನೇ ಇಯತ್ತೆ ಎಂದು ಎಣಿಸಲು ನನಗೆ ಬಾರದು. ಆದರೂ ನಾವಿಬ್ಬರೂ ಒಂದೇ ವಿಷಯ ಮಾತಾಡಿದೆವು! ಆ ಸಂತೋಷ ಇನ್ನೂ ಎದೆಯಿಂದ ಇಳಿದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದುವವರು ಸೈರಿಸಿಕೊಳ್ಳಬೇಕು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿದ್ದಿರಬೇಕು. ಮಾಮಲೇದಾರರಿಗೆ ತಹಸೀಲ್ದಾರರು ಎನ್ನಲು ಜನರ ನಾಲಗೆ ಇನ್ನೂ ಹೊರಳುತ್ತಿರಲಿಲ್ಲ. ಆ ವರ್ಷ ನನ್ನ ಮದುವೆಯಾಯಿತು. ಯಜಮಾನರು ಎಕ್ಕಂಬಿಯ ಅಕ್ಕಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಅತ್ತೆಮನೆ ಬನವಾಸಿಯ ಕಡೆ. ಅಲ್ಲಿ ದೊಡ್ಡ ಅಡುಗೆಮನೆ, ನಾಲ್ವರು ಸೊಸೆಯಂದಿರು. ಕೊನೆಯವಳಾದ ನನಗೆ ಸಾರಿಗೆ ಉಪ್ಪು ಹಾಕುವ ಅಧಿಕಾರವೂ ಇರಲಿಲ್ಲ. ಮಿಲ್ಲಿನ ಹಿಂಬದಿಗೆ ಎಂಜಿನ್ ನೋಡುವವನಿಗೆಂದೇ ಒಂದು ಹೆಂಚಿನ ಖೋಲಿ ಇತ್ತು. ಯುಗಾದಿ ಕಳೆದ ಮೇಲೆ ಯಜಮಾನರು ನನ್ನನ್ನು ಅಲ್ಲಿಗೆ ಕರೆತಂದರು. ಮಣ್ಣು ಕಲಸಿ ನಾನೇ ಒಲೆ ಹಾಕಿಕೊಂಡೆ. ಮೊದಲ ದಿನ ಅನ್ನ ಸೀದುಹೋಯಿತು. ಯಾರೂ ಏನೂ ಅನ್ನಲಿಲ್ಲವಲ್ಲ ಎಂದು ಆ ಸೀದ ಅನ್ನವನ್ನೇ ನಗುತ್ತ ತಿಂದೆ.

ಎಂಜಿನ್ನೆಂದರೆ ಈಗಿನ ಪಂಪಿನಂಥದ್ದಲ್ಲ. ಆಳೆತ್ತರದ ಎರಡು ಗಾಲಿ, ನಡುವೆ ಆನೆಯ ಕಾಲಿನಂಥ ಒಂದೇ ಕೊಳವೆ. ಟುಕ್, ಟುಕ್, ಟುಕ್ ಎಂದು ಅದು ಬಡಿಯುವುದು ಹುಬ್ಬಳ್ಳಿ ರಸ್ತೆಯಾಚೆಯ ಗದ್ದೆಗೂ ಕೇಳುತ್ತಿತ್ತು. ಅದರ ಪಕ್ಕದಲ್ಲಿ ಗವರ್ನರ್. ನಿಂತ ಒಂದು ಕಡ್ಡಿ, ಅದಕ್ಕೆ ತೋಳು ಚಾಚಿದಂತೆ ಎರಡು ಕಬ್ಬಿಣದ ಗುಂಡು. ಎಂಜಿನ್ ಜೋರಾದರೆ ಗುಂಡುಗಳು ಅಗಲವಾಗಿ ಹಾರುತ್ತವೆ, ಹಾರಿ ಒಂದು ಹಿತ್ತಾಳೆಯ ಬಳೆಯನ್ನು ಮೇಲೆತ್ತುತ್ತವೆ. ಬಳೆ ಒಂದು ಸನ್ನೆಕೋಲನ್ನು ತಳ್ಳಿದರೆ ಎಂಜಿನ್ನಿಗೆ ಹೋಗುವ ಎಣ್ಣೆ ಕಡಿಮೆಯಾಗುತ್ತದೆ. ಎಂಜಿನ್ ಸೋತರೆ ಗುಂಡು ಇಳಿದು ಎಣ್ಣೆ ಹೆಚ್ಚುತ್ತದೆ. ಯಾರೂ ಕೈಹಾಕುವುದು ಬೇಡ. ತನ್ನ ಓಟವನ್ನು ತಾನೇ ಹಿಡಿದುಕೊಳ್ಳುತ್ತದೆ. ಮೊದಲ ಸಲ ಯಜಮಾನರು ಇದನ್ನು ತೋರಿಸಿದಾಗ ನಾನು ಬಾಯಿ ತೆರೆದು ನಿಂತಿದ್ದೆ. "ನೊಣ ಹೊಕ್ಕೀತು, ಬಾಯಿ ಮುಚ್ಚು" ಅಂದರು.

ದಸರೆ ಬಂತು. ನಮ್ಮ ಕಡೆ ಖಂಡೇಪೂಜೆ ಅಂದರೆ ಕುಡುಗೋಲು, ಕೊಡಲಿ, ನೇಗಿಲು, ತಕ್ಕಡಿ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಕೂರಿಸುವುದು. ಎಂಜಿನ್ನಿಗೆ ಪ್ರತಿ ವರ್ಷ ಮೈ ಒರೆಸಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದರಂತೆ. ಆ ವರ್ಷ ಯಜಮಾನರ ಹುರುಪೇ ಬೇರೆ. ಗವರ್ನರನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಗೋಣಿತಾಟಿನ ಮೇಲೆ ಹರಡಿದರು. ಕೀಲುಗಳಲ್ಲಿ ಎಷ್ಟೋ ವರ್ಷದ ಎಣ್ಣೆಗೆ ತೌಡಿನ ಧೂಳು ಕೂತು, ಹಂಚಿಗೆ ಅಂಟಿದ ಸೀಕಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಚಾಕುವಿನಿಂದ ಹೆರೆದು, ಅರಿವೆಯಿಂದ ಉಜ್ಜಿದರು. ಹಿತ್ತಾಳೆಯ ಬಳೆಯನ್ನು ನಾನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ದೇವರ ತಂಬಿಗೆಯಂತೆ ಬೆಳಗಿದೆ. ಜೋಡಿಸಿ ಹೊಸ ಎಣ್ಣೆ ಬಿಟ್ಟರೆ, ಗುಂಡನ್ನು ಕಿರುಬೆರಳಿನಿಂದ ಮುಟ್ಟಿದರೂ ಬೆಣ್ಣೆಯಲ್ಲಿ ಜಾರಿದ ಹಾಗೆ ಸರಿಯುತ್ತಿತ್ತು.

ಪೂಜೆಗೆ ಬಂದ ಮಿಲ್ಲಿನ ಮಾಲೀಕರು ಚನ್ನವೀರಪ್ಪ ಸಾವಕಾರರು ಗುಂಡು ಮುಟ್ಟಿ ನೋಡಿ, "ಏನೋ ಈರಭದ್ರಾ, ಮದಲಿಂಗನಂಗ ಸಿಂಗಾರ ಮಾಡೀಯಲ್ಲೋ!" ಎಂದು ನಕ್ಕರು. ಯಜಮಾನರು ಮೀಸೆಯಡಿಯಲ್ಲಿ ನಕ್ಕದ್ದು ನನಗೆ ಮಾತ್ರ ಕಂಡಿತು.

ಬನ್ನಿ ಕೊಟ್ಟು, 'ಬಂಗಾರದಂಗಿರೋಣ' ಎಂದು ಎಲ್ಲರಿಗೂ ಹೇಳಿ ಮುಗಿಸಿ, ಮಾರನೇ ದಿನ ಎಂಜಿನ್ ಹಚ್ಚಿದರು. ಹೊರಗೆ ಭತ್ತ ಹರವುತ್ತಿದ್ದ ನಾನು ಸದ್ದು ಕೇಳಿ ತಲೆ ಎತ್ತಿದೆ. ಟುಕ್ಟುಕ್ಟುಕ್ಟುಕ್ ಎಂದು ಓಡಿಹೋಗುತ್ತದೆ, ಆಮೇಲೆ ಟು…ಕ್, ಟು…ಕ್ ಎಂದು ಸಾಯುವವರಂತೆ ಇಳಿಯುತ್ತದೆ. ಮತ್ತೆ ಓಡುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ಎಂಜಿನ್ನಿನ ಓಟವನ್ನು ಹಲ್ಲರಿಗೆ ಒಯ್ಯುವ ಪಟ್ಟಾ ಗಾಲಿಯಿಂದ ಜಾರಿ ಜಾರಿ ಬಿತ್ತು. ಭತ್ತ ಸುಲಿಯುವ ಆ ಹಲ್ಲರಿನಲ್ಲಿ ಅಕ್ಕಿ ಒಡೆದು ನುಚ್ಚಾಯಿತು.

ಮನ್ಮನೆಯ ಕಡೆಯಿಂದ ಗಾಡಿ ಹೊಡೆಸಿಕೊಂಡು ಬಂದಿದ್ದ ಭಟ್ಟರೊಬ್ಬರು ಬೊಗಸೆಯಲ್ಲಿ ಅಕ್ಕಿ ಎತ್ತಿ ಸಾವಕಾರರ ಮೂಗಿನ ಕೆಳಗೆ ಹಿಡಿದರು. "ಎಂತದ ಇದು? ಆನು ಅಕ್ಕಿ ಮಾಡ್ಸಲೆ ಬಂದಿದ್ದಿ. ಇದು ದನಕ್ಕೆ ಬೇಯ್ಸಲೆ ಅಡ್ಡಿಲ್ಲೆ."

"ಸುಧಾರಸ್ತೈತ್ರಿ ಭಟ್ರ, ಎಂಜಿನ್ನಿಗೆ ಹಬ್ಬದ ಊಟ ಹೆಚ್ಚಾಗೇತಿ" ಎಂದು ಸಾವಕಾರರು ನಗೆಯಲ್ಲಿ ತೇಲಿಸಿದರು. ಭಟ್ಟರು ಹೋದ ಮೇಲೆ ನಗೆ ಇರಲಿಲ್ಲ. ಚೀಲ ಹೊರುವ ಆಳುಗಳಲ್ಲಿ ಒಬ್ಬ ನನಗೆ ಕೇಳುವ ಹಾಗೆಯೇ ಅಂದ: "ಹೆಂಗಸರು ಎಂಜಿನ್ ಮುಟ್ಟಿದ್ರ ಇನ್ನೇನಾಕೈತಿ?" ನಾನು ತಲೆ ತಗ್ಗಿಸಿ ಭತ್ತ ಕೆದಕಿದೆ. ಆ ಮಾತು ಯಜಮಾನರಿಗೂ ಕೇಳಿಸಿತ್ತು. "ಉಜ್ಜಿದವಳು ಆಕಿ, ಉಜ್ಜಂದವ ನಾನು. ನನ್ನ ಕೂಡ ಮಾತಾಡೋ" ಎಂದು ಬಾಗಿಲಿಂದಲೇ ಗದರಿಸಿದರು.

ಯಲ್ಲಾಪುರದಿಂದ ಇಮಾಮ್ ಸಾಬರನ್ನು ಕರೆಸಿದರು. ಲಾರಿಗಳ ಎಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿ. ಯಜಮಾನರಿಗೆ ಈ ಕೆಲಸ ಕಲಿಸಿದವರೂ ಅವರೇ. ಬಸ್ಸಿಳಿದವರು ನೀರೂ ಕುಡಿಯದೆ ಎಂಜಿನ್ನಿನ ಮುಂದೆ ಕಣ್ಣುಮುಚ್ಚಿ ನಿಂತು ಕೇಳಿದರು. "ಹಂಟಿಂಗ್. ಬೇಟೆಗೆ ಬಿಟ್ಟ ನಾಯಿ ಥರ ಆಗೇದೆ. ಹಿಂದೆ ಮುಂದೆ, ಹಿಂದೆ ಮುಂದೆ" ಅಂದರು. ಗವರ್ನರಿನ ಸ್ಪ್ರಿಂಗನ್ನು ಬಿಗಿ ಮಾಡಿದರು. ತೂಗಾಟ ಇನ್ನೂ ಚುರುಕಾಯಿತು. ಸಡಿಲ ಮಾಡಿದರು. ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಬೇರೆ ಸ್ಪ್ರಿಂಗ್ ತಂದು ಹಾಕಿದರೂ ಅಷ್ಟೇ.

ಅಂದು ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಶಿಲ್ಪಾ ಅಡುಗೆಮನೆಯಿಂದ ಒಂದು ದುಂಡು ತಳದ ಬಟ್ಟಲು ತಂದಳು, ಮರಿಮೊಮ್ಮಗನ ಒಂದು ಗೋಲಿ ತಂದಳು. ಗೋಲಿಯನ್ನು ಬಟ್ಟಲಿನ ಅಂಚಿನಿಂದ ಬಿಟ್ಟಳು. ಅದು ಈಚೆ ಏರಿ, ಆಚೆ ಏರಿ, ಉರುಳಾಡತೊಡಗಿತು.

"ಅಜ್ಜಿ, ಇದನ್ನ ನಿಮ್ಮ ಎಂಜಿನ್ ಅನಕೊ. ಅದರಾಗ ನೂರು ಭಾಗ. ಎರಡರಷ್ಟು ಒತ್ತಿದ್ರ ಎರಡರಷ್ಟು ಸರಿಯೂವಂಥ ಸೀದಾ ಸ್ವಭಾವ ಯಾವುದರದ್ದೂ ಅಲ್ಲ. ಒಂದೊಂದರ ಬೆನ್ನು ಹತ್ತಿದ್ರ ಲೆಕ್ಕ ಸಿಕ್ಕುಸಿಕ್ಕಾಕೈತಿ. ಅದಕ್ಕ ನಾವು ಬ್ಯಾರೆ ಪ್ರಶ್ನೆ ಕೇಳತೇವಿ. ಒಳಗ ಎಷ್ಟು ಕಸುವು ಬಂತು? ಎಷ್ಟು ಕೂಡಿ ಕುಂತೈತಿ? ಎಷ್ಟು ಕರಗಿ ಹೋತು? ಗಾಲಿ ಇರಲಿ, ಸ್ಪ್ರಿಂಗ್ ಇರಲಿ, ಕರೆಂಟಿನ ತಂತಿ ಇರಲಿ, ಕಸುವು ಅಂದ್ರ ಎಲ್ಲಾದಕ್ಕೂ ತಿಳಿಯೂ ಭಾಷೆ."

'ಕಸುವು' ಅಂದದ್ದು ಅವಳೇ. ಪುಸ್ತಕದಲ್ಲಿ ಶಕ್ತಿ ಎಂದಿದೆಯಂತೆ. ನನಗೆ ತಿಳಿಯಲೆಂದು ನನ್ನ ಮಾತನ್ನೇ ಎತ್ತಿಕೊಂಡಳು. ಎಂಥ ಹುಡುಗಿ ನೋಡಿ!

"ಗೋಲಿ ತಳದಾಗ ನಿಲ್ಲಬೇಕು, ಹೌದಿಲ್ಲೋ? ಅಂದ್ರ ಅದರ ಕಸುವು ಎಲ್ಲಿಗರ ಹೋಗಬೇಕು. ನಿಮ್ಮ ಸಾಬರು ಸ್ಪ್ರಿಂಗ್ ಬಿಗಿ ಮಾಡಿ ಬಟ್ಟಲಿನ ಗ್ವಾಡಿ ಇನ್ನೂ ಕಡಿದಾಗಿ ಮಾಡಿದ್ರು. ಗೋಲಿ ಲಗೂ ಲಗೂ ಉರುಳ್ತು, ಅಷ್ಟ. ಅದರ ದಣಿವಿಗೆ ದಾರಿ ಆಗಲಿಲ್ಲ."

"ಹಂಗಾದ್ರ ದಸರೆಕ್ಕಿಂತ ಮೊದಲ ಹೆಂಗ ಸರಿ ಇತ್ತ?"

ಅವಳು ನಕ್ಕಳು. "ನೀವು ತೊಳದಿರಲಿಲ್ಲಲ್ಲ! ಎಂಜಿನ್ ಓಡಿದ ಮ್ಯಾಲೆ ಗುಂಡು ಏರಬೇಕು, ಗುಂಡು ಏರಿದ ಮ್ಯಾಲೆ ಎಣ್ಣಿ ಇಳೀಬೇಕು, ಎಲ್ಲಾದಕ್ಕೂ ಒಂದೀಟು ತಡ. ಆ ತಡದಾಗ, ತೊಟ್ಟಿಲ ತೂಗೋರು ಹೊತ್ತು ನೋಡಿ ತಳ್ಳಿದಂಗ, ಪ್ರತಿ ಸಲ ಒಂದೀಟು ಕಸುವು ತೂಗಾಟಕ್ಕ ಕೂಡಕೋತ ಹೋಕೈತಿ. ಮೊದಲ ಆ ಜಿಡ್ಡು ಅದನ್ನ ತಿಂತಿತ್ತು. ನೀವು ಜಿಡ್ಡು ತಗದ್ರಿ, ತಿನ್ನೋರು ಯಾರೂ ಉಳೀಲಿಲ್ಲ."

ನಾನು ಹಣೆ ಬಡಿದುಕೊಂಡು ನಕ್ಕೆ. ಅರವತ್ತು ವರ್ಷ! ಮೈಲಿಗೆಯೂ ಅಲ್ಲ, ಹೆಂಗಸಿನ ಕೈಯೂ ಅಲ್ಲ. ಕೊಳೆ ಕೆಲಸ ಮಾಡುತ್ತಿತ್ತು. ದೂರದ ದೇಶಗಳಲ್ಲೂ ಹಿಂದೆ ಹೀಗೆಯೇ ಆಗಿತ್ತಂತೆ. ಗವರ್ನರಿನ ಕೀಲುಗಳನ್ನು ನಯ ಮಾಡಿದಷ್ಟೂ ಎಂಜಿನ್ನುಗಳು ತೂಗಾಡಿದವಂತೆ, ಆಗಲೇ ದೊಡ್ಡ ದೊಡ್ಡವರು ಗಣಿತಕ್ಕೆ ಕೂತರಂತೆ. ಅವರು ಪೂಜೆಗೆಂದು ತೊಳೆದಿರಲಿಕ್ಕಿಲ್ಲ, ಅಷ್ಟೇ ಬೇರೆ.

ಯಜಮಾನರಿಗೆ ಆ ಗಣಿತ ಗೊತ್ತಿರಲಿಲ್ಲ. ಆದರೆ ಊಟಕ್ಕೆ ಕೂತಾಗ ಒಂದೇ ಮಾತು ಹೇಳುತ್ತಿದ್ದರು: "ಇದಕ್ಕ ಸೊಕ್ಕು ಹೆಚ್ಚಾಗೇತಿ. ಸೊಕ್ಕು ಹೋಗಾಕ ಎಲ್ಲೂ ದಾರಿ ಇಲ್ಲ." ಒಂದು ಬೆಳಿಗ್ಗೆ ಹಳೆಯ ಚಪ್ಪಲಿಯ ತೊಗಲನ್ನು ಪಟ್ಟಿಯಾಗಿ ಕತ್ತರಿಸಿ, ಬಳೆ ಜಾರುವ ಕಡ್ಡಿಗೆ ಬಿಗಿಯಾಗಿ ಸುತ್ತಿದರು, ಉಜ್ಜಿಕೊಂಡೇ ಸರಿಯಲಿ ಎಂದು. ಎಂಜಿನ್ ಹಚ್ಚಿದರೆ, ಅಬ್ಬಾ, ಮೊದಲಿನ ಹಾಗೆ ತಣ್ಣಗೆ ಟುಕ್, ಟುಕ್. ನಾನು ಒಳಗೆ ಓಡಿ ಬೆಲ್ಲದ ಚೂರು ತಂದು ಬಾಯಿಗೆ ಹಾಕಿಕೊಂಡೆ.

ಬೆಲ್ಲ ಕರಗುವ ಮೊದಲೇ ಸಂತೋಷ ಕರಗಿತು. ಹಲ್ಲರಿಗೆ ಭತ್ತ ಬಿಟ್ಟೊಡನೆ ಎಂಜಿನ್ ಏದುಸಿರು ಬಿಟ್ಟಿತು. ಬಳೆ ತೊಗಲಿಗೆ ಕಚ್ಚಿಕೊಂಡು ಕೂತಿತ್ತು, ಇಳಿಯಲೊಲ್ಲದು. ಎಲ್ಲರೂ ಸೇರಿ ಸನ್ನೆಕೋಲನ್ನು ಜಗ್ಗಿದಾಗ ಒಮ್ಮೆಲೇ ಕೆಳಗೆ ಬಿದ್ದು ಅಲ್ಲೇ ಕಚ್ಚಿತು. ಎಣ್ಣೆ ಪೂರ್ತಿ ತೆರೆಯಿತು. ಅದೇ ಹೊತ್ತಿಗೆ ಪಟ್ಟಾ ಜಾರಿತು. ಭಾರವಿಲ್ಲದ ಎಂಜಿನ್ ಹುಚ್ಚೆದ್ದಿತು. ಗಾಲಿಗಳ ಕಡ್ಡಿ ಕಾಣದೆ ಬರೀ ಬೂದುಬಣ್ಣದ ತಟ್ಟೆಯಾದವು, ನೆಲ ನಡುಗಿತು, ಹೆಂಚು ಗಲಗಲ ಅಂದವು. ಆಳುಗಳು, ಸಾವಕಾರರು, ಇಮಾಮ್ ಸಾಬರು ಎಲ್ಲರೂ ಹೊರಗೋಡಿ ಬಂದರು. ಒಬ್ಬರು ಮಾತ್ರ ಬರಲಿಲ್ಲ. ಸದ್ದು ಇಳಿಯಿತು, ಇಳಿಯಿತು, ನಿಂತಿತು. ಎಣ್ಣೆಯ ನಲ್ಲಿ ಬಂದ್ ಮಾಡಿ ಯಜಮಾನರು ಹೊರಗೆ ಬಂದರು. ಮುಖದ ತುಂಬ ಮಸಿ.

ಸಾವಕಾರರು ಕೆಟ್ಟವರಲ್ಲ. ಆದರೆ ಹೆದರಿದ್ದರು. "ಈರಭದ್ರಾ, ನಿನ್ನ ಜೀವಾನೂ ಹೋಗತಿತ್ತು, ನನ್ನ ಮಿಲ್ಲೂ ಹೋಗತಿತ್ತು. ಹೊಸಾ ಭತ್ತದ ಗಾಡಿ ಬರೂತನಕ ನೋಡ್ತೇನಿ. ಅಷ್ಟರಾಗ ಈ ತೂಗಾಟ ನಿಲ್ಲಲಿಲ್ಲಂದ್ರ ಹುಬ್ಬಳ್ಳಿಯಿಂದ ಬ್ಯಾರೆಯವರನ್ನ ಕರಸ್ತೇನಿ. ಸಿಟ್ಟಾಗಬ್ಯಾಡ."

"ಖೋಲಿ?" ಎಂದು ಯಜಮಾನರು ಕೇಳಿದರು.

"ಎಂಜಿನ್ ನೋಡೋರಿಗೆ ಖೋಲಿ. ಅದು ನಿನಗೂ ಗೊತ್ತೈತಿ."

ಅಂದು ನಾನು ಒಲೆಯ ಮುಂದೆ ಕುಳಿತು ಅದರ ಅಂಚನ್ನು ಸವರಿದೆ. ಅತ್ತೆಮನೆಗೆ ಹೋಗುವುದೆಂದರೆ ಯಾರೂ ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ಆದರೆ ಎಂಜಿನ್ ಕೆಡಿಸಿ ಬಂದವನು ಎಂಬ ಮಾತು ಅಣ್ಣಂದಿರ ಹೊಲದಲ್ಲಿ ಇವರ ಬೆನ್ನ ಹಿಂದೆ ಜೀವಮಾನವಿಡೀ ನಡೆಯುತ್ತಿತ್ತು. ಇವರೋ, ಗುಂಡು ಹಾರುವುದನ್ನು ನೋಡುತ್ತ ಊಟ ಮರೆಯುವ ಮನುಷ್ಯ.

ಸ್ವಾತಿ ಮಳೆ ಒಂದೆರಡು ಸಲ ತುಂತುರಿಸಿ ಹೋಯಿತು. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಬೆನ್ನು ಸುಡುವ ಬಿಸಿಲು. ಇಮಾಮ್ ಸಾಬರು ಊರಿಗೆ ಹೋಗದೆ ಉಳಿದಿದ್ದರು. ಶಿಷ್ಯನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಇಬ್ಬರೂ ದೋಸೆ ತಿನ್ನುತ್ತಿದ್ದರು. ಶಿರಸಿಯ ಸಂತೆಯಿಂದ ತಂದ ಜೋನಿಬೆಲ್ಲದ ಡಬ್ಬಿ ನಡುವೆ ಇತ್ತು. ಜೋನಿಬೆಲ್ಲ ಅಂದರೆ ಗೊತ್ತಲ್ಲ, ಅಚ್ಚಾಗದ ದ್ರವ ಬೆಲ್ಲ. ಆ ಚಳಿಗೆ ಮಂದವಾಗಿತ್ತು. ಇಮಾಮ್ ಸಾಬರು ಚಮಚವನ್ನು ಸರಕ್ಕನೆ ಎಳೆದರು, ಡಬ್ಬಿಯೇ ಎದ್ದುಬಂತು. ಡಬ್ಬಿ ಹಿಡಿದು ಮೆಲ್ಲಗೆ ಎಳೆದರು, ಚಮಚ ಸುಮ್ಮನೆ ಬಂತು. ಮತ್ತೊಮ್ಮೆ ಹಾಗೇ ಮಾಡಿದರು. ಮಗದೊಮ್ಮೆ.

"ಆಟ ಆಡ್ಲಿಕ್ಕೆ ಹತ್ತೀರೇನು ಉಸ್ತಾದ? ದೋಸಿ ಆರತೈತಿ" ಅಂದರು ಯಜಮಾನರು.

"ಅರೆ, ಸುಮ್ಕಿರು. ಇದು ನೋಡು. ಮೆತ್ತಗೆ ಹೋದ್ರೆ ದಾರಿ ಬಿಡ್ತದೆ. ಅವಸರ ಮಾಡಿದ್ರೆ ಹಿಡೀತದೆ. ನಿಂತ್ಕೊಂಡ್ರೆ…" ಚಮಚವನ್ನು ನೆಟ್ಟು ಕೈಬಿಟ್ಟರು. ಅದು ನಿಧಾನವಾಗಿ ವಾಲಿ ಡಬ್ಬಿಯ ಅಂಚಿಗೆ ಒರಗಿತು. "ನಿಂತ್ಕೊಂಡ್ರೆ ಏನೂ ಹಿಡಿಯೋದಿಲ್ಲ. ನಿನ್ನ ತೊಗಲು ನಿಂತಿದ್ದನ್ನೂ ಹಿಡೀತಿತ್ತಲ್ಲೋ!"

ಯಜಮಾನರ ಕೈಯಲ್ಲಿದ್ದ ದೋಸೆ ಕೆಳಗೆ ಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

"ತಂಗೀ, ನಿನ್ನ ಸೌಟು ಕೊಡ್ತಿಯೇನಮ್ಮಾ?"

"ಸೌಟು ಯಾಕ್ರಿ ಅಣ್ಣಾ?"

"ಎಂಜಿನ್ನಿಗೆ ಬಡಿಸ್ಲಿಕ್ಕೆ."

ನನಗಿದ್ದದ್ದು ಒಂದೇ ಸೌಟು, ತವರಿನಿಂದ ಬಂದದ್ದು. ಕೊಟ್ಟೆ. ಸುತ್ತಿಗೆಯಿಂದ ಬಡಿದು ಅದರ ಗುಂಡಿಯನ್ನು ಚಪ್ಪಟೆ ಮಾಡಿದರು, ಹಿಡಿಕೆಯನ್ನು ಸನ್ನೆಕೋಲಿಗೆ ತಂತಿಯಿಂದ ಕಟ್ಟಿದರು, ಚಪ್ಪಟೆ ತುದಿಯನ್ನು ಜೋನಿಬೆಲ್ಲದ ಡಬ್ಬಿಯಲ್ಲಿ ಮುಳುಗಿಸಿದರು. ಎಂಜಿನ್ ಹಚ್ಚಿದರು. ಓಡಿತು, ಕುಸಿಯಿತು, ಸ್ವಲ್ಪ ಓಡಿತು, ಸ್ವಲ್ಪ ಕುಸಿಯಿತು, ಆಮೇಲೆ ಟುಕ್, ಟುಕ್, ಟುಕ್. ಹಲ್ಲರಿಗೆ ಭತ್ತ ಬಿಟ್ಟರು. ಬಳೆ ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು. ಯಾರೂ ಉಸಿರಾಡಲಿಲ್ಲ. ಎಂಜಿನ್ ಒಂದೇ ಉಸಿರಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ಕಾವಿಗೆ ಬೆಲ್ಲ ನೀರಾಗಿ ಮತ್ತೆ ತೂಗಾಟ ಹತ್ತಿತು. ಸಂಜೆಯೊಳಗೆ ಎಕ್ಕಂಬಿಯ ಇರುವೆಗಳೆಲ್ಲ ಮಿಲ್ಲಿಗೆ ಬಂದವು. ಸಾವಕಾರರು ಪಂಚೆ ಝಾಡಿಸುತ್ತ, "ಎಂಜಿನ್ನಿಗೆ ಸಿಹಿ ಉಣ್ಣಿಸಿ ನನಗ ಕಡಿಸಿದಿ ಏನೋ!" ಎಂದು ಕುಣಿದರು. ಆದರೆ ಯಜಮಾನರಿಗೆ ಇನ್ನು ಹೆದರಿಕೆ ಇರಲಿಲ್ಲ. ದಾರಿ ಕಂಡಿತ್ತು. ಮಾಡುವುದು ಮಾತ್ರ ಉಳಿದಿತ್ತು.

ಇಮಾಮ್ ಸಾಬರು ಸೈಕಲ್ಲಿಗೆ ಗಾಳಿ ಹೊಡೆಯುವ ಹಳೆಯ ಪಂಪೊಂದನ್ನು ತಂದು ತುದಿ ಮುಚ್ಚಿ ಬೆಸುಗೆ ಹಾಕಿದರು. ಒಳಗೆ ತಗಡಿನ ಬಿಲ್ಲೆ, ಬಿಲ್ಲೆಗೊಂದು ಸಣ್ಣ ತೂತು. ಬೆಲ್ಲದ ಬದಲು ಹರಳೆಣ್ಣೆ. ಸನ್ನೆಕೋಲು ಆಡಿದರೆ ಬಿಲ್ಲೆ ಆಡಬೇಕು, ಬಿಲ್ಲೆ ಆಡಬೇಕೆಂದರೆ ಎಣ್ಣೆ ಆ ತೂತಿನಲ್ಲಿ ತೂರಬೇಕು. ಅವಸರ ಮಾಡಿದರೆ ಎಣ್ಣೆ ತೂರಲೊಲ್ಲದು. ತೂತು ದೊಡ್ಡದಾದರೆ ತೂಗಾಟ, ಸಣ್ಣದಾದರೆ ಜಡ. ಬಿಲ್ಲೆ ತೆಗೆಯುವುದು, ಅರದಿಂದ ಉಜ್ಜುವುದು, ಹಾಕುವುದು, ಕೇಳುವುದು, ಮತ್ತೆ ತೆಗೆಯುವುದು. ಆ ಗುರುಶಿಷ್ಯರ ತಾಳ್ಮೆಯನ್ನು ನಾನು ಈಗಲೂ ನೆನೆದು ಕೈಮುಗಿಯುತ್ತೇನೆ.

ಇದನ್ನು ಕೇಳುತ್ತ ಶಿಲ್ಪಾ ಎದ್ದು ನಿಂತುಬಿಟ್ಟಿದ್ದಳು. "ಅಜ್ಜಿ, ಆ ಹರಳೆಣ್ಣೆಯ ದೊಡ್ಡಸ್ತಿಕೆ ಏನು ಗೊತ್ತೇನು? ಅದು ಕಸುವನ್ನ ತಿಂತೈತಿ, ಎಂದೂ ಕೊಡೂದಿಲ್ಲ. ಹಂಗಾಗಿ ಅದರಿಂದ ಕಸುವು ಉಕ್ಕಿ ಕೆಡುಕಾಗೂದು ಸಾಧ್ಯನ ಇಲ್ಲ. ಎಂಜಿನ್ ಒಳಗಿನ ಎಲ್ಲಾ ಗುಟ್ಟು ತಿಳಿಯೂದೂ ಬ್ಯಾಡ. ಮತ್ತ ತೊಗಲು ಗೋಲಿಯನ್ನ ಬಟ್ಟಲಿನ ಗ್ವಾಡಿ ಮ್ಯಾಲೇ ಅಂಟಿಸಿಬಿಡ್ತಿತ್ತು. ಎಣ್ಣಿ ಹಂಗಲ್ಲ, ತಳಕ್ಕ ಮುಟ್ಟಿಸಿ ಬಿಡತೈತಿ. ನಾನು ಬರಿಯೂ ಲೆಕ್ಕದಾಗೂ ಎರಡ ಮಾತು. ಎಲ್ಲಿ ನಿಲ್ಲಬೇಕೋ ಅಲ್ಲಿ ಬಟ್ಟಲಿನ ತಳ ಬರೂವಂಗ ಮಾಡು. ಆಮ್ಯಾಲೆ ಗೋಲಿ ದಣಿಯೂವಂಗ ಮಾಡು."

ಇದೇ ಲೆಕ್ಕದಲ್ಲಿ ಇವಳು ಗಾಳಿಯಿಂದ ಕರೆಂಟು ತೆಗೆಯುವ ಪಂಖಗಳನ್ನು, ತನ್ನ ಕಾಲ ಮೇಲೆ ತಾನೇ ನಡೆಯುವ ಯಂತ್ರಗಳನ್ನು ಹತೋಟಿಗೆ ತರುತ್ತಾಳಂತೆ. ಯೋಚಿಸಿ ನೋಡಿ. ಇವಳ ಅಜ್ಜ, ಆ ಸಾಬರು, ಇಬ್ಬರೂ ಕೈ ಸುಟ್ಟುಕೊಂಡು, ಇರುವೆ ಕಡಿಸಿಕೊಂಡು ಒಂದು ಎಂಜಿನ್ನಿಗೆ ದಾರಿ ಕಂಡರು. ಇನ್ನೂ ಯಾರೂ ಕಟ್ಟಿರದ ಯಂತ್ರಕ್ಕೂ, ಅದು ಹುಟ್ಟುವ ಮೊದಲೇ, ನೀನು ತೂಗಾಡಿ ಕೆಡುವುದಿಲ್ಲ ಹೋಗು ಎಂದು ಈ ಹುಡುಗಿ ಕಾಗದದ ಮೇಲೆ ಬರೆದು ತೋರಿಸುತ್ತಾಳೆ! ನಾನು ಅವಳ ಎರಡೂ ಕೆನ್ನೆ ಹಿಡಿದು ನೆಟಿಗೆ ಮುರಿದೆ. ಇನ್ನೇನು ಮಾಡಲಿ? ಅಷ್ಟು ದೊಡ್ಡ ವಿದ್ಯೆಗೆ ಕೊಡಲು ನನ್ನ ಹತ್ತಿರ ಇರುವುದು ಅಷ್ಟೇ.

ಹೊಸ ಭತ್ತದ ಮೊದಲ ಗಾಡಿಗಳು ದೀಪಾವಳಿಯ ಹೊತ್ತಿಗೆ ಬಂದವು. ಅದೇ ದಿನ, ಸಾವಕಾರರು ಮೊದಲೇ ಹೇಳಿಕಳಿಸಿದ್ದ ಎಂಜಿನ್ ನೋಡುವವರೊಬ್ಬರು ಹುಬ್ಬಳ್ಳಿ ಬಸ್ಸಿನಿಂದ ಇಳಿದರು. ನಡುವಯಸ್ಸು, ತಲೆಗೆ ಕರಿ ಟೊಪ್ಪಿಗೆ, ಕೈಯಲ್ಲಿ ಹಸಿರು ಬಣ್ಣದ ಟ್ರಂಕು. ಆಳೊಬ್ಬ ಅದನ್ನು ಇಸಿದುಕೊಂಡು, ಎಲ್ಲಿಡಬೇಕೆಂದು ಯಾರನ್ನೂ ಕೇಳದೆ, ತಂದು ನಮ್ಮ ಖೋಲಿಯ ಹೊಸ್ತಿಲ ಪಕ್ಕ ಇಟ್ಟು ಹೋದ. ನಾನು ಅಂಗಳದಲ್ಲಿ ಕಾಲಿನಿಂದ ಭತ್ತ ಕೆದಕುತ್ತಿದ್ದೆ. ಆ ಟ್ರಂಕಿನ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಎಲ್ಲರೂ ಒಳಗೆ ಹೋದರು. ನನಗೆ ಒಳಗಿನದು ಏನೂ ಕಾಣುತ್ತಿರಲಿಲ್ಲ. ಕಿವಿಯೇ ಕಣ್ಣು. ಎಂಜಿನ್ ಹತ್ತಿತು. ಟುಕ್, ಟುಕ್. ಹಲ್ಲರುಗಳಿಗೆ ಭತ್ತ ಬಿದ್ದ ಸದ್ದು. ಬಡಿತ ಒಮ್ಮೆ ತಗ್ಗಿತು, ತನ್ನನ್ನು ತಾನೇ ಎತ್ತಿಕೊಂಡಿತು. ಹಾಗೇ ನಡೆಯಿತು, ತುಂಬ ಹೊತ್ತು. ಬಿಸಿಲು ನೆತ್ತಿಗೆ ಬಂತು. ಬೆಲ್ಲ ನೀರಾದ ಹೊತ್ತು ಅದು. ನಡೆಯಿತು. ಆಮೇಲೆ ಸಾವಕಾರರ ದನಿ: "ಎಲ್ಲಾ ಪಟ್ಟಾ ಒಮ್ಮೆಲೇ ತಗೀರಿ. ನೋಡೇಬಿಡೂಣು."

ಕೆದಕುತ್ತಿದ್ದ ಕಾಲು ನಿಂತಿತು. ಪಟ್ಟಾಗಳು ದಪದಪ ಬಿದ್ದವು. ಎಂಜಿನ್ನಿನ ಬಡಿತ ಏರಿತು, ಏರಿತು. ನನ್ನ ಎದೆಯ ಬಡಿತವೂ ಅದರ ಜೊತೆಗೇ ಏರಿತು. ಏರಿದ್ದು ಇಳಿಯಿತು. ಒಂದು ಚೂರು ತಗ್ಗಿ, ಒಂದು ಚೂರು ಎದ್ದು, ಹದಕ್ಕೆ ಬಂದು ನಿಂತಿತು. ಟುಕ್, ಟುಕ್, ಟುಕ್, ಟುಕ್.

ಮೊದಲು ಹೊರಗೆ ಬಂದವರು ಹುಬ್ಬಳ್ಳಿಯವರು. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಳ್ಳುತ್ತ ನೇರವಾಗಿ ಖೋಲಿಯ ಬಾಗಿಲಿಗೆ ಬಂದು ಟ್ರಂಕಿನ ಹಿಡಿಕೆಗೆ ಕೈಹಾಕಿದರು.

"ಒಳಗ ಇಡ್ಬೇಕೇನ್ರಿ ಅಣ್ಣಾರ?" ಎಂದು ಕೇಳಿದೆ.

"ಇಲ್ಲಬೇ ತಂಗಿ. ಬಾಗಲಿಗೆ ಅಡ್ಡ ಆಗೈತಿ, ತಗೀತೇನಿ. ಇಪ್ಪತ್ತು ಎಂಜಿನ್ ನೋಡೇನಿ, ಇಷ್ಟು ಮರ್ಯಾದಿಯಿಂದ ನಿಂದರೂದು ನೋಡಿದ್ದಿಲ್ಲ. ನನಗಿಲ್ಲಿ ಏನು ಕೆಲಸ ಐತಿ?"

"ಸಾವಕಾರ್ರು ಏನಂದ್ರು?"

"ಏನೂ ಅನ್ನಲಿಲ್ಲ. ಎರಡನೇ ಗಾಡಿ ಸುರುವ್ರಿ ಅಂದ್ರು." ರಸ್ತೆಯ ಕಡೆ ನೋಡಿದರು. "ವಾಪಸ್ ಬಸ್ ಎಷ್ಟೊತ್ತಿಗೆ?"

"ಭಾಳ ತಡ ಐತ್ರಿ. ಊಟ ಮಾಡಿ ಹೋಗ್ರಿ."

ಅವರು ಟ್ರಂಕನ್ನು ಕಟ್ಟೆಯ ಕೆಳಗಿಟ್ಟು, ಅದರ ಮೇಲೆಯೇ ಕೂತು, ಸಾರಿಸಿದ ನೆಲ, ಗೂಡಿನಲ್ಲಿಟ್ಟ ಹಣತೆ, ಉರಿಯುತ್ತಿದ್ದ ಒಲೆ, ಎಲ್ಲವನ್ನೂ ಕಣ್ಣಾಡಿಸಿ ನೋಡಿದರು.

"ಚೊಕ್ಕ ಇಟ್ಟೀರಿ. ಮಿಲ್ಲಿನ ಖೋಲಿ ಏನ್ರಿ ಇದು?"

ಒಳಗೆ ಎಂಜಿನ್ ಎರಡನೇ ಗಾಡಿಯ ಭತ್ತವನ್ನು ಹೊತ್ತುಕೊಂಡ ಸದ್ದು ಕೇಳಿತು. ನಾನು ಊಟದ ತಣಿಗೆ ತೊಳೆದು ಅವರ ಮುಂದಿಟ್ಟೆ.

"ಅಲ್ರಿ ಅಣ್ಣಾ," ಅಂದೆ. "ನಮ್ಮ ಮನಿ."